ಟ್ರೋಮ್ಸೋದಿಂದ ಸ್ವೋಲ್ವೇರ್‌ಗೆ: ಚಳಿಗಾಲದಲ್ಲಿ ನಾರ್ವೆಯ ಕರಾವಳಿ ಹಡಗು ಹತ್ತುವವರಿಗೆ

ನಾರ್ವೆಯ ಕರಾವಳಿ ಹಡಗು ಎಂದರೆ ಬರ್ಗನ್‌ನಿಂದ ಕಿರ್ಕೆನೆಸ್‌ಗೆ ಹೋಗಿ ಮರಳುವ 12 ದಿನ, 34 ಬಂದರುಗಳ ಇಡೀ ಸುತ್ತೇ ಎಂದು ಹಲವರು ತಿಳಿದಿರುತ್ತಾರೆ. ಅಷ್ಟು ರಜೆ, ಅಷ್ಟು ಹಣ ಎಲ್ಲರಿಗೂ ಒದಗುವುದಿಲ್ಲ, ಒದಗಬೇಕಾಗಿಯೂ ಇಲ್ಲ. 1893ರಿಂದ ಸರಕನ್ನೂ ಊರ ಜನರನ್ನೂ ಹೊತ್ತು ಓಡುತ್ತಿರುವ ಮಾರ್ಗ ಇದು. ನಮ್ಮ ಬಸ್ಸಿನಂತೆ ಒಂದು ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಲು ಟಿಕೆಟ್ ಸಿಗುತ್ತದೆ. ಈಗ ಹುರ್ಟಿಗ್ರುಟನ್ ಮತ್ತು ಹವಿಲಾ ಎಂಬ ಎರಡು ಕಂಪನಿಗಳು ಸರದಿಯ ಮೇಲೆ ಹಡಗು ಬಿಡುತ್ತವೆ. ಹೊತ್ತು ಬಹುಮಟ್ಟಿಗೆ ಒಂದೇ, ದರ ಬೇರೆ. ಹಾಗಾಗಿ ಎರಡನ್ನೂ ನೋಡಿಯೇ ಕಾಯ್ದಿರಿಸಿ.

ಒಂದೇ ದಿನ ಕೈಯಲ್ಲಿದ್ದರೆ ಉತ್ತರ ನಾರ್ವೆಯ ಟ್ರೋಮ್ಸೋ ನಗರದಿಂದ ದಕ್ಷಿಣಕ್ಕೆ, ಲೋಫೋಟನ್ ದ್ವೀಪಗಳ ಸ್ವೋಲ್ವೇರ್ ತನಕದ ಹಾದಿಯನ್ನೇ ಆರಿಸಿಕೊಳ್ಳಿ. ಉತ್ತರಕ್ಕೆ ಹೋಗುವ ಹಡಗು ಈ ಭಾಗವನ್ನು ಹೆಚ್ಚಾಗಿ ರಾತ್ರಿ ದಾಟುತ್ತದೆ. ದಕ್ಷಿಣಕ್ಕೆ ಬರುವುದು ಹಗಲಿನಲ್ಲಿ. ಜೊತೆಗೆ ಹಾದಿಯ ಬಹುಪಾಲು ದ್ವೀಪಗಳ ಮರೆಯಲ್ಲೇ ಸಾಗುವುದರಿಂದ ಅಲೆಯ ಹೊಡೆತ ಕಡಿಮೆ.

ಆದರೆ ಯಾವ ತಿಂಗಳು? ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಇದೇ. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಟ್ರೋಮ್ಸೋದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಾಗೆಂದು ಇಡೀ ದಿನ ಕತ್ತಲೆಯೂ ಅಲ್ಲ. ನಡುಹಗಲಿನ ಕೆಲವು ಗಂಟೆ ಆಕಾಶ, ಹಿಮ, ನೀರು ಎಲ್ಲವೂ ನೀಲಿಯಾಗುತ್ತವೆ. ಆ ಹೊತ್ತಿಗೆ ಹಡಗು ರಿಸೋಯ್‌ಹಾಮ್ನ್ ಮತ್ತು ಸೋರ್ಟ್‌ಲ್ಯಾಂಡ್ ಎಂಬ ಬಂದರುಗಳ ನಡುವೆ ಇರುತ್ತದೆ. ನೋಡಲು ಚೆಲುವೇ, ಆದರೆ ಈ ಹಾದಿಯ ನಿಜವಾದ ಸಂಪತ್ತು ರಾಫ್ಟ್‌ಸುಂಡ್ ಜಲಸಂಧಿ. ಅಲ್ಲಿಗೆ ಹಡಗು ತಲುಪುವುದು ಸಂಜೆ ನಾಲ್ಕರ ನಂತರ. ಡಿಸೆಂಬರಿನಲ್ಲಿ ಆಗ ಏನೂ ಕಾಣದು. ಫೆಬ್ರವರಿ ಕೊನೆಯ ವಾರಕ್ಕೆ ಸೂರ್ಯ ಮುಳುಗುವುದು ಐದು ಗಂಟೆ ಸಮೀಪಕ್ಕೆ ಬಂದಿರುತ್ತದೆ, ಮಾರ್ಚ್ ಎರಡನೇ ವಾರಕ್ಕೆ ಇನ್ನೂ ತಡ. ಹಿಮ ದಡದ ತನಕ ಹಾಗೇ ಇರುತ್ತದೆ, ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ಕಾಣುವಷ್ಟು ರಾತ್ರಿಯೂ ಉಳಿದಿರುತ್ತದೆ. ಫೆಬ್ರವರಿ 20ರಿಂದ ಮಾರ್ಚ್ ನಡುವಿನ ತನಕದ ಅವಧಿಯನ್ನೇ ನಾವು ಒತ್ತಿ ಹೇಳುವುದು ಇದಕ್ಕಾಗಿ.

ಹಡಗು ಟ್ರೋಮ್ಸೋಗೆ ಬರುವುದು ರಾತ್ರಿ 11:45ರ ಸುಮಾರಿಗೆ, ಬಿಡುವುದು 1:30ಕ್ಕೆ. (ಇಲ್ಲಿ ಕೊಟ್ಟ ಹೊತ್ತುಗಳೆಲ್ಲ ಅಂದಾಜು, ಆ ವರ್ಷದ ವೇಳಾಪಟ್ಟಿ ನೋಡಿಕೊಳ್ಳಿ.) ದುಬಾರಿಯಾದರೂ ಕ್ಯಾಬಿನ್ ತೆಗೆದುಕೊಳ್ಳಿ. ರಾತ್ರಿ ನಿದ್ದೆಗೆಟ್ಟರೆ ಮರುದಿನದ ಬೆಳಕೆಲ್ಲ ತೂಕಡಿಕೆಯಲ್ಲೇ ಹೋಗುತ್ತದೆ. ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ತೀರಾ ಮುಂದಿನ, ಕೆಳಗಿನ ಕ್ಯಾಬಿನ್‌ಗಳಲ್ಲಿ ಪ್ರತಿ ಬಂದರಿನಲ್ಲೂ ಹಡಗನ್ನು ಧಕ್ಕೆಗೆ ಸರಿಸುವ ಅಡ್ಡ ಪ್ರೊಪೆಲ್ಲರ್‌ಗಳ ಸದ್ದು ಎಬ್ಬಿಸಿಬಿಡುತ್ತದೆ. ಕಡಿಮೆ ದರದ ಕಿಟಕಿ ಕ್ಯಾಬಿನ್‌ಗಳಲ್ಲಿ ಕೆಲವಕ್ಕೆ ಲೈಫ್‌ಬೋಟ್ ಅಡ್ಡ ಬರುತ್ತದೆ. ಕಾಯ್ದಿರಿಸುವಾಗಲೇ ವಿವರ ಓದಿ. ಹಗಲೆಲ್ಲ ಹೊರಗಿರುವವರಿಗೆ ಕಿಟಕಿಯಿಲ್ಲದ ಒಳ ಕ್ಯಾಬಿನ್ ಸಾಕೇ ಸಾಕು.

ಬಟ್ಟೆಯ ವಿಷಯದಲ್ಲಿ ತಪ್ಪಾಗುವುದು ಚಳಿಯನ್ನು ಕಡಿಮೆ ಅಂದಾಜು ಮಾಡಿ ಅಲ್ಲ, ಹಡಗಿನ ಒಳಗಿನ ಬಿಸಿಯನ್ನು ಮರೆತು. ಬಿಸಿನೀರಿನ ಸಾಗರ ಪ್ರವಾಹ ಇರುವುದರಿಂದ ಈ ಕರಾವಳಿಯಲ್ಲಿ ಸೊನ್ನೆಯಿಂದ ಮೈನಸ್ ಹತ್ತರ ಒಳಗಿನ ಚಳಿಯೇ ಸಾಮಾನ್ಯ. ಕಷ್ಟ ಕೊಡುವುದು ಗಾಳಿ. ಹಡಗು 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂದಿನ ಡೆಕ್‌ನಲ್ಲಿ ಮೈನಸ್ 5 ಡಿಗ್ರಿ ಮೈಗೆ ಮೈನಸ್ 13ರಷ್ಟು ಅನಿಸುತ್ತದೆ. ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು. ಅದಕ್ಕೆಂದು ದಪ್ಪ ಥರ್ಮಲ್ ತೊಟ್ಟು ಒಳಗೆ ಕೂತರೆ ಬೆವರುತ್ತೀರಿ. ಬೆವರಿದ ಮೈಯಲ್ಲಿ ಹೊರಗೆ ಹೋದ ಐದೇ ನಿಮಿಷಕ್ಕೆ ನಡುಕ. ಒಳಗೆ ತೆಳುವಾದ ಉಣ್ಣೆಯ ಪದರ, ಅದರ ಮೇಲೆ ಫ್ಲೀಸ್, ಗಾಳಿ ತಡೆಯುವ ದಪ್ಪ ಜಾಕೆಟ್ ಮಾತ್ರ ಹೊರಗೆ ಹೋಗುವಾಗ. ಹತ್ತಿಯ ಬನಿಯನ್, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕೈಗೆ ತೆಳು ಗ್ಲೌಸ್, ಅದರ ಮೇಲೆ ದಪ್ಪನೆಯದು. ಶೂ ಒಂದು ಅಳತೆ ದೊಡ್ಡದಿರಲಿ. ಬಿಗಿಯಾದ ಶೂನಲ್ಲಿ ಎರಡು ಕಾಲುಚೀಲ ತುರುಕಿದರೆ ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಶೂಗೆ ಸಿಕ್ಕಿಸುವ ಮೊಳೆಪಟ್ಟಿ ಟ್ರೋಮ್ಸೋದಲ್ಲೇ ಸಿಗುತ್ತದೆ, ತಪ್ಪದೆ ಕೊಳ್ಳಿ. ಬಂದರು ಬೀದಿಗಳಲ್ಲಿ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಗಾಜಿನ ಹಾಸಾಗಿರುತ್ತದೆ. ಆದರೆ ಹಡಗಿನ ಲೋಹದ ಏಣಿ ಹತ್ತುವ ಮುಂಚೆ ಅದನ್ನು ಕಳಚಿ. ಲೋಹದ ಮೇಲೆ ಮೊಳೆಯೇ ಜಾರಿಸುತ್ತದೆ.

ಬೆಳಿಗ್ಗೆ ಎಂಟಕ್ಕೆ ಹಾರ್‌ಸ್ಟಾಡ್ ಬಂದರು. ಇಳಿಯಲು ಹೊತ್ತು ಸಾಲದು, ತಿಂಡಿ ಮುಗಿಸಿಕೊಳ್ಳಿ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು, ಹತ್ತಿದ ಮೇಲೆ ಇನ್ನೊಮ್ಮೆ ಹೇಳಬೇಕು. ತರಕಾರಿ ಸೂಪ್ ಎಂದರೂ ಮೀನು ಅಥವಾ ಮಾಂಸ ಬೇಯಿಸಿದ ನೀರು ಸೇರಿರಬಹುದು, ಕೇಳಿಯೇ ಬಡಿಸಿಕೊಳ್ಳಿ. ಬ್ರೆಡ್, ಓಟ್ಸ್ ಗಂಜಿ, ಸಪ್ಪೆ ಮೊಸರು, ಹಣ್ಣು, ಸಿಹಿಯಾದ ಕಂದು ಚೀಸ್ ಧೈರ್ಯವಾಗಿ ತಿನ್ನಬಹುದು. ಊರಿನಿಂದ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಒಯ್ಯಿರಿ. ಧಾರವಾಡ ಪೇಡ, ತುಪ್ಪ ಬೇಡ: ಯುರೋಪಿನ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ನಾರ್ವೆ ನಿಷೇಧಿಸಿದೆ. ಬಂದರಿನಿಂದ ಬಂದರಿಗೆ ಕೊಳ್ಳುವ ಟಿಕೆಟ್‌ನಲ್ಲಿ ಊಟ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ನಲ್ಲಿ ನೀರು ಕುಡಿಯಬಹುದು. ನಗದು ಬೇಕಾಗುವುದಿಲ್ಲ, ಎಲ್ಲೆಡೆ ಕಾರ್ಡ್ ನಡೆಯುತ್ತದೆ.

ಹತ್ತು ಗಂಟೆಗೆ ಡೆಕ್ ಮೇಲಿರಿ. ರಿಸೋಯ್‌ಹಾಮ್ನ್ ಬಳಿ ಸಮುದ್ರ ಆಳವಿರಲಿಲ್ಲ. ಹೂಳೆತ್ತಿ ಕಾಲುವೆ ತೋಡಿ 1922ರಲ್ಲಿ ತೆರೆದರು. ಎರಡೂ ಬದಿಯ ಗುರುತುಕಂಬಗಳ ನಡುವೆ ಹಡಗು ನಿಧಾನವಾಗಿ ನುಸುಳುತ್ತದೆ. ಈ ಕೆಲಸಕ್ಕೆ ಪಟ್ಟು ಹಿಡಿದವರು ಮಾರ್ಗ ಸ್ಥಾಪಿಸಿದ ಕ್ಯಾಪ್ಟನ್ ರಿಚರ್ಡ್ ವಿತ್. ಅವರ ಕಂಪನಿ ಹುಟ್ಟಿದ ಊರು ಸ್ಟೋಕ್‌ಮಾರ್ಕ್‌ನೆಸ್, ಅಲ್ಲಿಗೆ ಮಧ್ಯಾಹ್ನ 2:15ಕ್ಕೆ ತಲುಪುತ್ತೀರಿ. ಧಕ್ಕೆಯ ಪಕ್ಕದಲ್ಲೇ ವಸ್ತುಸಂಗ್ರಹಾಲಯ. 1956ರ ಫಿನ್‌ಮಾರ್ಕನ್ ಹಡಗನ್ನು ಇಡಿಯಾಗಿ ದಡಕ್ಕೆ ತಂದು ಗಾಜಿನ ಕಟ್ಟಡದೊಳಗೆ ನಿಲ್ಲಿಸಿದ್ದಾರೆ. ಸಿಗುವುದು ಒಂದೇ ಗಂಟೆ. ಮೊದಲು ಆ ಹಡಗಿನೊಳಕ್ಕೆ ಹೋಗಿ, ಉಳಿದದ್ದು ಆಮೇಲೆ. ಹೊರಡುವುದಕ್ಕೆ ಕಾಲು ಗಂಟೆ ಮುಂಚೆ ಹಿಂದಿರುಗಿ. ನಿಮಗಾಗಿ ಹಡಗು ಕಾಯುವುದಿಲ್ಲ. ಇಳಿಯುವಾಗ, ಹತ್ತುವಾಗ ತೋರಿಸುವ ಕಾರ್ಡ್ ಜೇಬಿನಲ್ಲೇ ಇರಲಿ.

ಮುಂದೆ ರಾಫ್ಟ್‌ಸುಂಡ್. ಎರಡೂ ಕಡೆ ಬೆಟ್ಟಗಳು ನೀರಿನಿಂದಲೇ ನೇರ ಏಳುತ್ತವೆ. ಟ್ರೋಲ್‌ಫ್ಯೋರ್ಡ್ ಎಂಬ ಕಿರಿದಾದ ಕಡಲ ಕವಲಿನ ಬಾಯಿ ಕಾಣುವುದು ಬಲಗಡೆ, ಆ ಬದಿಯಲ್ಲಿ ಮೊದಲೇ ಜಾಗ ಹಿಡಿಯಿರಿ. ಮೇಲಿನಿಂದ ಹಿಮ, ಬಂಡೆ ಉರುಳುವ ಭಯ ಇರುವುದರಿಂದ ಚಳಿಗಾಲದಲ್ಲಿ ಅದರೊಳಗೆ ಹೋಗುವುದಿಲ್ಲ. ನಿರಾಶರಾಗಬೇಡಿ, ಜಲಸಂಧಿಯೇ ಸಾಕಷ್ಟು ದೊಡ್ಡ ನೋಟ. ಬಿಳಿಬಾಲದ ಕಡಲ ಹದ್ದುಗಳನ್ನೂ ಗಮನಿಸಿ.

ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಹೆಚ್ಚುವರಿಯದನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ, ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಉತ್ತರದ ಬೆಳಕಿಗೆ ಟ್ರೈಪಾಡ್ ಹೊತ್ತು ತಂದು ಪ್ರಯೋಜನವಿಲ್ಲ, ಡೆಕ್ಕೇ ನಡುಗುತ್ತಿರುತ್ತದೆ. ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) 3200, ಶಟರ್ ಒಂದೆರಡು ಸೆಕೆಂಡ್ ತೆರೆದಿರಲಿ, ಅಷ್ಟೇ.

ಸ್ವೋಲ್ವೇರ್ ತಲುಪುವುದು ಸಂಜೆ 6:30ಕ್ಕೆ. ಅಲ್ಲಿನ ಪುಟ್ಟ ವಿಮಾನ ನಿಲ್ದಾಣದಿಂದ ನಾರ್ವೆಯ ಮುಖ್ಯ ನೆಲದ ಬೋಡೋ ನಗರಕ್ಕೆ ಹಾರುವ ಸಣ್ಣ ವಿಮಾನಗಳು ಗಾಳಿ ಜೋರಾದರೆ ರದ್ದಾಗುತ್ತವೆ. ಆದ್ದರಿಂದ ಭಾರತಕ್ಕೆ ಮರಳುವ ವಿಮಾನದ ಮುಂಚೆ ಒಂದು ಪೂರ್ತಿ ದಿನ ಕೈಯಲ್ಲಿರಲಿ. ಅದೇ ಹಡಗಿನಲ್ಲಿ ಬೋಡೋ ತನಕ ಮುಂದುವರಿಯುವುದೂ ಒಂದು ದಾರಿ, ಅಲ್ಲಿಂದ ಟ್ರೊಂಡ್‌ಹೈಮ್‌ಗೆ ರೈಲಿದೆ. ಆದರೆ ನಡುವಿನ ವೆಸ್ಟ್‌ಫ್ಯೋರ್ಡ್ ತೆರೆದ ಕಡಲು, ಹಡಗು ಚೆನ್ನಾಗಿ ಹೊಯ್ದಾಡುತ್ತದೆ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಂಡು, ಸ್ವೋಲ್ವೇರ್ ಬಿಡುವ ಒಂದು ಗಂಟೆ ಮುಂಚೆಯೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದೇ ಕಷ್ಟ.