ಸಪ್ಲಾಯರ್ ಜಾರುವುದು ಅಡುಗೆಮನೆಯ ಬಾಗಿಲಲ್ಲಿ

ವಿಜಯಪುರದ ಯಾವ ಖಾನಾವಳಿಗೆ ಹೋದರೂ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡಿ. ಒಳಗಿನ ಎಣ್ಣೆ ಜಿಡ್ಡು, ತಾಟು ತೊಳೆದ ನೀರು ಎರಡೂ ಚಪ್ಪಲಿಗೆ ಅಂಟಿಕೊಂಡು ಅಲ್ಲಿ ಬಂದು ಕೂಡುತ್ತವೆ. ಖಾಲಿ ತಾಟು ಹಿಡಿದವನು ಒಳಗೆ ಹೋಗುವುದು, ಬಿಸಿ ಸಾರಿನ ಬಕೆಟ್ ಹಿಡಿದವನು ಹೊರಗೆ ಬರುವುದು ಅದೇ ಬಾಗಿಲಲ್ಲಿ.

ತಣ್ಣೀರಲ್ಲಿ ಅದ್ದಿದ ಬಟ್ಟೆ ಎಳೆದರೆ ಎಣ್ಣೆ ಹೋಗುವುದಿಲ್ಲ, ತೆಳ್ಳಗೆ ಹರಡುತ್ತದೆ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಸುರಿದು, ಐದು ನಿಮಿಷ ಬಿಟ್ಟು ಗಟ್ಟಿ ಬ್ರಷ್‌ನಿಂದ ತಿಕ್ಕಿ, ವೈಪರ್ ಎಳೆದು, ಕೊನೆಗೆ ಒಣ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನದ ಗದ್ದಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಗೋಣಿಚೀಲ ಹಾಸುವುದು ಬೇಡವೇ ಬೇಡ. ನೆನೆದ ಗೋಣಿ ಕಾಲಡಿಯಲ್ಲೇ ಸರಿಯುತ್ತದೆ. ಸವೆದ ಹವಾಯಿ ಚಪ್ಪಲಿಯೂ ಹಾಗೆಯೇ, ಮೇಲಾಗಿ ಸಾರು ಚೆಲ್ಲಿದರೆ ಬೆರಳಿಗೆ ಅದರಿಂದ ಮರೆ ಇಲ್ಲ. ಕಚ್ಚು ಇರುವ ರಬ್ಬರ್ ಅಟ್ಟೆಯ, ಮುಂದೆ ಮುಚ್ಚಿದ ಬೂಟು ಕೊಡಿಸಿ. ಬಕೆಟ್ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಕೂತವರ ತಲೆಯ ಮೇಲಿಂದ ದಾಟಿಸಬಾರದು.

ಸಾರು ಬಿದ್ದು ಸುಟ್ಟರೆ ಉಂಗುರ, ಕಡಗ ಮೊದಲು ತೆಗೆಯಿರಿ. ಊತ ಬಂದ ಮೇಲೆ ಬರುವುದಿಲ್ಲ. ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ಕೈ ತೆಗೆಯುತ್ತಾರೆ, ಆದರೆ ಚರ್ಮದ ಒಳಪದರದಲ್ಲಿ ಕಾವು ಇನ್ನೂ ಇರುತ್ತದೆ. ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಅಂಟಿದ ಬಟ್ಟೆ ಕೀಳಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ದವಾಖಾನೆಗೆ ಒಯ್ಯಿರಿ.

ಕೆಲಸದಲ್ಲಿ ಗಮನ ತಪ್ಪುವುದು ಹೆಚ್ಚಾಗಿ ದಣಿವಿನಿಂದ. ಹೊರಗೆ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಂತೂ ಇನ್ನೂ ಹೆಚ್ಚು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಕೆಲಸ. ಸತತ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಒಂದು ತಾಸು ಬಿಡುವು ಕೊಡಬೇಕು. ಹೆಚ್ಚಿನವರು ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಬೆಳಿಗ್ಗೆ 10ಕ್ಕೆ ಬಂದು, ಮಧ್ಯಾಹ್ನ 3ರಿಂದ 7ರವರೆಗೆ ಬಿಡುವು, ರಾತ್ರಿ 11ಕ್ಕೆ ಮುಗಿಯುವ ಪಾಳಿಯಲ್ಲಿ ಮಧ್ಯದ ನಾಲ್ಕು ತಾಸನ್ನು ಕಳೆದು 9 ತಾಸೇ ಎಂದು ಲೆಕ್ಕ ಹಾಕುತ್ತಾರೆ. ಆದರೆ ಬಂದ ಹೊತ್ತಿನಿಂದ ಹೋಗುವ ಹೊತ್ತಿನವರೆಗೆ ಬಿಡುವೂ ಸೇರಿ 12 ತಾಸು ಮೀರಬಾರದು. ಇಲ್ಲಿ 13 ಆಯಿತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲವಿದ್ದರೂ ಓವರ್‌ಟೈಮ್ ಸೇರಿ ದಿನಕ್ಕೆ 10 ತಾಸೇ ಮಿತಿ, ಆ ಹೆಚ್ಚುವರಿ ತಾಸಿಗೆ ಎರಡು ಪಟ್ಟು ಕೂಲಿ. ಇಬ್ಬರನ್ನು ಪಾಳಿಯಲ್ಲಿ ಹಾಕಿಕೊಳ್ಳುವುದೇ ಸರಿ.

10 ಜನ ಇದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಬೇಕೇ ಬೇಕು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರಲ್ಲಿ ಬರುತ್ತಾರೆ. ಕಾರ್ಮಿಕನ ಪಾಲು ಸಂಬಳದ ಶೇ 0.75, ಮಾಲಕರದು ಶೇ 3.25. ಕೆಲಸದಲ್ಲಿ ಪೆಟ್ಟಾಗಿ, ಆ ದಿನ ಬಿಟ್ಟು ಕನಿಷ್ಠ ಮೂರು ದಿನ ಮನೆಯಲ್ಲಿ ಕೂತರೆ ಸರಾಸರಿ ಕೂಲಿಯ ಶೇ 90 ಸಿಗುತ್ತದೆ. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತು ಇದಕ್ಕಿಲ್ಲ. ಹೊಸ ಹುಡುಗ ‘ನಿಲ್ಲುತ್ತಾನೋ ಇಲ್ಲವೋ ನೋಡೋಣ’ ಎಂದು ಹೆಸರು ಹಚ್ಚದೆ ಬಿಡುವುದರಿಂದಲೇ ಈ ಹಣ ಸಿಗದೆ ನಿಲ್ಲುತ್ತದೆ. ಸೇರಿದ ದಿನವೇ ಹಚ್ಚಿ. ಪೆಟ್ಟಾದ ದಿನವೇ ಅಪಘಾತದ ರಜಿಸ್ಟರ್‌ನಲ್ಲಿ ವೇಳೆ, ಜಾಗ, ಯಾವ ಕೆಲಸದಲ್ಲಿದ್ದ, ಯಾರು ನೋಡಿದರು ಎಂಬುದನ್ನು ಬರೆದು ಅವರ ಸಹಿ ಹಾಕಿಸಿ.