ತೆಳು ಶೀಟಿನ ಮೇಲೆ ಟ್ಯಾಕ್ ಹೊಡೆಯುವುದು

ಮಲೆನಾಡಿನ ಮಳೆಗೆ ನಮ್ಮ ಮನೆ ಗೇಟಿನ ಕೆಳಗಿನ ಶೀಟು ತುಕ್ಕು ಹಿಡಿದು ಉದುರುತ್ತಿತ್ತು. ಹೊಸ ತುಂಡು ನಾನೇ ಕೂರಿಸಬೇಕು ಅಂತ, ಕಲಿಯಲು ಸಾಗರದ ಹತ್ತಿರ ಪರಿಚಯದ ಮೇಸ್ತ್ರಿಯೊಬ್ಬರ ವೆಲ್ಡಿಂಗ್ ಶಾಪಿಗೆ ಹೋದೆ. ಶೀಟು 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್. ಅವರು ಮೊದಲು ಕೈಗೆ ಕೊಟ್ಟಿದ್ದು ಮಾತ್ರ ದಪ್ಪ ಪಟ್ಟಿ. "ಇದ್ರ ಮೇಲೆ ಗೆರೆ ನೆಟ್ಟಗೆ ಬರ್ಲಿ ಸಾರ್, ಆಮೇಲೆ ಶೀಟ್ ಮುಟ್ಟಿ" ಅಂದರು.

ಉದ್ದ ತೋಳಿನ ಹತ್ತಿ ಶರ್ಟು ಹಾಕಿಕೊಂಡು ಬನ್ನಿ ಅಂತ ಫೋನಿನಲ್ಲೇ ಹೇಳಿದ್ದರು. ಪಾಲಿಯೆಸ್ಟರ್ ಆದರೆ ಕಿಡಿ ಬಿದ್ದಾಗ ಕರಗಿ ಚರ್ಮಕ್ಕೆ ಅಂಟುತ್ತದೆ.

ಇಲ್ಲಿ ನನಗೊಂದು ತಕರಾರಿದೆ. ಬಹಳ ಶಾಪುಗಳಲ್ಲಿ ಸಣ್ಣ ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚುಕ್ಕಿಯಷ್ಟು ವೆಲ್ಡ್) ಅಂದರೆ ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿ ಹೊಡೆದುಬಿಡುತ್ತಾರೆ. ಶೀಟಿನ ಕೆಲಸ ಅಂದರೆ ಪೂರ್ತಿ ಟ್ಯಾಕೇ ಅಲ್ವಾ? ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆದ ಉರಿ ಆಗಲೇ ಗೊತ್ತಾಗುವುದಿಲ್ಲ, ಕೆಲವು ಗಂಟೆ ಬಿಟ್ಟು, ಮಲಗುವ ಹೊತ್ತಿಗೆ, ಕಣ್ಣಿಗೆ ಮರಳು ಹಾಕಿದಂತೆ ಶುರುವಾಗುತ್ತದೆ. ಕೂಲಿಂಗ್ ಗ್ಲಾಸ್ ಸಾಲದು. 10ನೇ ನಂಬರಿನ ಕಪ್ಪು ಗಾಜಿನ ಶೀಲ್ಡೇ ಬೇಕು, ಶೀಟು ಹಿಡಿದು ಪಕ್ಕದಲ್ಲಿ ನಿಂತ ಹುಡುಗನಿಗೂ.

ಇನ್ವರ್ಟರ್ ವೆಲ್ಡಿಂಗ್ ಮಷೀನಿಗೆ 2 ಎಂಎಂ ವೆಲ್ಡಿಂಗ್ ರಾಡ್ ಹಾಕಿ, ಕರೆಂಟು 45 ಆಂಪ್ ಆಸುಪಾಸು ಇಟ್ಟರು. ರಾಡ್ ಹಿಡಿಯುವ ಹೋಲ್ಡರ್ ಮೈನಸ್ಸಿಗೆ, ಶೀಟಿಗೆ ಕಚ್ಚಿಸುವ ಅರ್ತ್ ಪ್ಲಸ್ಸಿಗೆ. ಹಾಗಾದರೆ ಶೀಟು ಕಡಿಮೆ ಕೊರೆಯುತ್ತದಂತೆ. ಆದರೂ ಕೈ ಒಂದು ಕ್ಷಣ ಜಾಸ್ತಿ ನಿಂತರೆ ತೂತು. ವೇಸ್ಟ್ ತುಂಡುಗಳಲ್ಲಿ ಬೇಕಾದಷ್ಟು ತೂತು ಬಿದ್ದವು, ಅವು ಇರುವುದೇ ಅದಕ್ಕೆ. ತೂತಿನ ನಡುವೆ ತುಂಬಲು ಹೋದರೆ ಅದು ಇನ್ನೂ ಅಗಲವಾಗುತ್ತದೆ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದು, ಅಂಚಿನಿಂದ ಒಂದೊಂದೇ ಚುಕ್ಕಿ ಇಡುತ್ತಾ ಒಳಗೆ ಬರಬೇಕು. ತಾಮ್ರ ಬಿಸಿ ಎಳೆದುಕೊಳ್ಳುತ್ತದೆ, ವೆಲ್ಡ್ ಅದಕ್ಕೆ ಅಂಟುವುದಿಲ್ಲ.

ಆಮೇಲೆ ಟ್ಯಾಕ್ ಹಾಕುವ ಕ್ರಮ. ಎರಡು ತುದಿಗೆ ಒಂದೊಂದು, ನಂತರ ನಡುವೆ, ನಂತರ ಉಳಿದ ಜಾಗಗಳ ನಡುವೆ. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಶೀಟು ಸೊಟ್ಟಗಾಗಿ ಎದ್ದು ನಿಲ್ಲುತ್ತದೆ, ಸುತ್ತಿಗೆಯಲ್ಲಿ ಬಡಿದರೂ ಪೂರ್ತಿ ಸರಿಹೋಗುವುದಿಲ್ಲ. ಒಂದು ಜಾಗ ತಣ್ಣಗಾಗುವವರೆಗೆ ಅದರ ಪಕ್ಕ ಹೋಗುವಂತಿಲ್ಲ. ಸುಮ್ನೆ ಕಾಯಬೇಕು. ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸಿದ್ದು ಇದೇ.

ಮೂಲೆಯಲ್ಲಿ ಜಿಐ ಶೀಟಿನ, ಅಂದರೆ ಸತುವಿನ ಲೇಪ ಇರುವ ಶೀಟಿನ, ತುಂಡು ಬಿದ್ದಿತ್ತು. ತುಕ್ಕು ಹಿಡಿಯುವುದಿಲ್ಲವಲ್ಲ, ಅದನ್ನೇ ಹಾಕಬಹುದಾ ಅಂತ ಕೇಳಿದೆ. ಹಾಕಬಹುದು, ಆದರೆ ಸೇರುವ ಅಂಚಿನ ಎರಡೂ ಮೈಯಿಂದ ಸತುವಿನ ಲೇಪ ಗ್ರೈಂಡ್ ಮಾಡಿ ತೆಗೆಯಬೇಕು, ಬಯಲಲ್ಲೇ ಕೆಲಸ ಮಾಡಬೇಕು. ಉಕ್ಕು ಕರಗಲು 1500 ಡಿಗ್ರಿ ಹತ್ತಿರ ಬೇಕು, ಸತು 907ಕ್ಕೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದರೆ ಸಂಜೆಗೆ ಚಳಿ, ಜ್ವರ. ಹಾಲು ಕುಡಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ!

ಮಧ್ಯಾಹ್ನ ಒಬ್ಬ ಹುಡುಗ ಬೈಕಿನ ಪೆಟ್ರೋಲ್ ಟ್ಯಾಂಕ್ ತಂದ. ತಳದಲ್ಲಿ ಸಣ್ಣ ಸೋರಿಕೆ. ಮೇಸ್ತ್ರಿ ನೋಡಿದ ತಕ್ಷಣ ಬೇಡ ಅಂದರು.

"ಖಾಲಿ ಇದೆ ಅಣ್ಣ, ಒಂದು ಹನಿನೂ ಇಲ್ಲ."

"ಖಾಲಿ ಇರೋದಕ್ಕೇ ಬೇಡ ಅಂದಿದ್ದು. ಒಳಗೆ ಆವಿ ತುಂಬಿರುತ್ತೆ ಮಾರಾಯ, ಒಂದು ಕಿಡಿ ಸಾಕು."

ಪೆಟ್ರೋಲ್ ಆವಿ ಗಾಳಿ ಜೊತೆ ಸೇರಿದಾಗಲೇ ಸಿಡಿಯುವುದು. ಹುಡುಗ ನಂಬಲಿಲ್ಲ, ಗೊಣಗುತ್ತಾ ಟ್ಯಾಂಕ್ ಎತ್ತಿಕೊಂಡು ಮುಂದಿನ ಶಾಪಿನ ಕಡೆ ಹೊರಟ. ಮೇಸ್ತ್ರಿ ಆ ಶಾಪಿಗೆ ಫೋನ್ ಮಾಡಿ, ಅದನ್ನು ಮುಟ್ಟಬೇಡಿ ಅಂತ ಹೇಳಿದ ಮೇಲೆಯೇ ಊಟಕ್ಕೆ ಎದ್ದರು.