ಕಾರವಾರದ ಬಿಳಿ ಬಾಟಲಿ

ಇಪ್ಪತ್ತೆಂಟು ವರ್ಷ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು. 'ನೀರಿಗೆ ಎರಡು ದ್ರಾವಣ ಹಾಕಿ ಅಲ್ಲಾಡಿಸಿದಾಗ, ಆಮ್ಲಜನಕ ಕರಗಿದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ' ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಂದು ನೋಡಿದ್ದೆ. ನಲ್ಲಿ ನೀರು, ತುಂಗೆ ನೀರು, ಕಾಲೇಜಿನ ಹಿಂದಿನ ಕೆರೆ ನೀರು, ಎಲ್ಲವೂ ಕಂದೇ. ಬಿಳಿ ಮಾತ್ರ ಯಾವತ್ತೂ ನೋಡಿರಲಿಲ್ಲ.

ಹಳೆಯ ಶಿಷ್ಯೆಯೊಬ್ಬಳು ಈಗ ಸಮುದ್ರದ ನೀರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. "ಮೇಡಂ, ಸೆಪ್ಟೆಂಬರ್ ಕೊನೆಗೆ ಕಾರವಾರಕ್ಕೆ ಬನ್ನಿ, ಬಿಳಿ ತೋರಿಸ್ತೀನಿ" ಅಂದಳು. ರಿಟೈರ್ ಆದವರಿಗೆ ಇದಕ್ಕಿಂತ ಒಳ್ಳೆ ಆಮಂತ್ರಣ ಬೇಕಾ?

ಶಿವಮೊಗ್ಗದಿಂದ ಹೊರಟೆ. ಜೋಗದಲ್ಲಿ ಇಳಿಯಲಿಲ್ಲ. ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಸಂಜೆಗೆ ಕಾರವಾರ. ಮೊದಲ ಎರಡು ದಿನ ಬರೀ ಮಳೆ, ಬೋಟ್ ಬಿಡಲಿಲ್ಲ. ಒಂದು ದಿನ ಸುಮ್ನೆ ಗೋಕರ್ಣಕ್ಕೆ ಹೋಗಿ ಬಂದೆ. ಹೋಗದಿದ್ದರೂ ನಡೀತಿತ್ತು. ಕಡಲ ದಂಡೆಗೆ ಬಂದು ಪಾಸ್ತಾ ತಿನ್ನುವವರ ಸಂಕಟ ನನಗೆ ಅರ್ಥವಾಗುವುದಿಲ್ಲ. ಕಾರವಾರದ ಒಂದು ಸಣ್ಣ ಖಾನಾವಳಿಯಲ್ಲಿ ತಿಂದ ಬಂಗಡೆ ಹುರಿದದ್ದು, ಸೋಲ್ ಕಡಿ, ಇವೇ ಆ ಎರಡು ದಿನದ ಸಂಪಾದನೆ.

ಮೂರನೇ ದಿನ ಬೆಳಗಿನ ಆರಕ್ಕೆ ಬೈತಖೋಲ್ ಬಂದರು. ಬಾಡಿಗೆಗೆ ಸಿಕ್ಕಿದ್ದು ಒಂದು ಸಣ್ಣ ಮೀನಿನ ಬೋಟ್. ಬೋಟ್ ನಡೆಸುವ ತಾಂಡೇಲನಿಗೆ ಅರವತ್ತರ ಹತ್ತಿರ. ನಮ್ಮ ಐಸ್ ಪೆಟ್ಟಿಗೆ, ಗಾಜಿನ ಬಾಟಲಿ, ಕಡ್ಡಿ, ಕೊಳವೆ ಎಲ್ಲ ನೋಡಿ "ಇಂಜೆಕ್ಷನ್ ಕೊಡ್ತೀರಾ ಸಮುದ್ರಕ್ಕೆ?" ಅಂದ.

ದೇವಗಡದ ದೀಪಸ್ತಂಭ ಹಿಂದೆ ಬಿತ್ತು. ಒಂದೂವರೆ ಗಂಟೆ ಹೋದ ಮೇಲೆ ಇಂಜಿನ್ ನಿಲ್ಲಿಸಿದರು. ಆಳ ಸುಮಾರು 28 ಮೀಟರ್. ಶಿಷ್ಯೆ ಆಳದ ನೀರು ಹಿಡಿದು ತರುವ ನಿಸ್ಕಿನ್ ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟಳು. ಬಾಟಲಿ ಅನ್ನುವುದು ಹೆಸರಿಗೆ. ನೋಡೋಕೆ ಎರಡೂ ಕಡೆ ಬಾಯಿರುವ ದಪ್ಪ ಪ್ಲಾಸ್ಟಿಕ್ ಪೈಪು. ಬಾಯಿ ತೆರೆದುಕೊಂಡೇ ಇಳಿಯುತ್ತದೆ. ತಳದ ಹತ್ತಿರ ಹೋದ ಮೇಲೆ ಹಗ್ಗದ ಗುಂಟ ಒಂದು ಹಿತ್ತಾಳೆ ಗುಂಡು ಜಾರಿಸಬೇಕು. ಅದು ಹೋಗಿ ಕುಟ್ಟಿದರೆ ಎರಡೂ ಮುಚ್ಚಳ ಪಟ್ ಅಂತ ಮುಚ್ಚಿಕೊಳ್ಳುತ್ತವೆ. ಕುಟ್ಟಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹಗ್ಗ ಹಿಡಿದ ಬೆರಳಿಗೆ ಗೊತ್ತಾಗಬೇಕು. ನನ್ನ ಬೆರಳಿಗೆ ಏನೂ ಗೊತ್ತಾಗಲಿಲ್ಲ. ತಾಂಡೇಲ ಎರಡು ಬೆರಳಿಟ್ಟು "ಹಾಂ, ಬಡೀತು" ಅಂದ.

ಮೇಲೆ ಬಂದ ಬಾಟಲಿಯನ್ನು ಮುಟ್ಟಿದರೆ ಬಾವಿ ನೀರಿನ ಹಾಗೆ ತಣ್ಣಗೆ. ಮೇಲಿನ ನೀರು ಉಗುರುಬೆಚ್ಚಗಿತ್ತು. ಆಮೇಲೆ ವಾಸನೆ ಬಂತು. ಜೋರಾಗಿ ಅಲ್ಲ, ಪಕ್ಕದ ಮನೆಯಲ್ಲಿ ಯಾರೋ ಕೊಳೆತ ಮೊಟ್ಟೆ ಒಡೆದ ಹಾಗೆ.

ಮೊದಲು ಆಮ್ಲಜನಕದ ಸ್ಯಾಂಪಲ್ಲೇ ಹಿಡಿಯಬೇಕು, ಮಿಕ್ಕಿದ್ದೆಲ್ಲ ಆಮೇಲೆ. ರಬ್ಬರ್ ಕೊಳವೆಯನ್ನು ಗಾಜಿನ ಬಾಟಲಿಯ ತಳಕ್ಕೆ ಮುಟ್ಟಿಸಿ, ನೀರು ಎರಡು ಮೂರು ಪಾಲು ಹೊರಗೆ ಉಕ್ಕಿ ಹೋಗುವ ತನಕ ಬಿಡಬೇಕು. ಒಂದು ಗುಳ್ಳೆ ಒಳಗೆ ಹೋದರೂ ಹೊರಗಿನ ಗಾಳಿ ಸೇರಿ ಲೆಕ್ಕ ಕೆಟ್ಟಿತು. ಮೇಲಿನ ನೀರಿನದ್ದು ಒಂದು, ತಳದ್ದು ಎರಡು ಬಾಟಲಿ ತುಂಬಿಸಿದೆವು. ಒಂದೊಂದಕ್ಕೂ ಮ್ಯಾಂಗನೀಸ್ ದ್ರಾವಣ ಒಂದು ಮಿಲಿ, ಕ್ಷಾರ ಬೆರೆಸಿದ ಅಯೋಡೈಡ್ ಒಂದು ಮಿಲಿ. ಬಿರಡೆ ಒತ್ತಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಆಯಿತು. ಹಂಗೇರಿಯ ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟ ವಿಧಾನ. ಈಗಿನ ದುಬಾರಿ ಸೆನ್ಸರ್‌ಗಳು ಸರಿ ಇವೆಯಾ ಅಂತ ನೋಡುವುದಕ್ಕೂ ಇದೇ ಬೇಕು.

ಮೇಲಿನ ನೀರಿನ ಬಾಟಲಿಯಲ್ಲಿ ತಕ್ಷಣ ಕಂದು. ಫಿಲ್ಟರ್ ಕಾಫಿಯ ಚರಟದ ಬಣ್ಣ. ತಳದ ಬಾಟಲಿಯಲ್ಲಿ ಹಾಲು ಒಡೆದ ಹಾಗೆ ಬಿಳಿ. ಹಾಗೇ ನಿಂತಿತು. ಮತ್ತೆ ಅಲ್ಲಾಡಿಸಿದೆ. ಬಿಳಿಯೇ. ಬೋಟಿನ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡು ಬಾಟಲಿ ಅಕ್ಕಪಕ್ಕ ಹಿಡಿದು ನೋಡಿದ್ದೇ ನೋಡಿದ್ದು. ಕಣ್ಣಲ್ಲಿ ನೀರು ಬಂತು. ಉಪ್ಪು ಗಾಳಿಗೆ ಅಂತ ಶಿಷ್ಯೆಗೆ ಹೇಳಿದೆ.

"ಎಂತ ಕಂಡ್ತು ಮೇಡಂ?" ತಾಂಡೇಲ ಬಗ್ಗಿ ನೋಡಿದ.

"ತಳದಲ್ಲಿ ಉಸಿರಾಡೋಕೆ ಏನೂ ಇಲ್ಲ."

"ಅದು ನಂಗೆ ಹೋದ ವಾರವೇ ಗೊತ್ತು." ಬಲೆ ತಳಕ್ಕೆ ಬಿಟ್ಟಿದ್ದನಂತೆ. ಬಂದದ್ದು ಸತ್ತ ಏಡಿ ಮತ್ತು ಇದೇ ವಾಸನೆ. "ಓಡೋಕೆ ಆಗೂ ಮೀನು ಮೇಲೆ ಬರ್ತದೆ, ದಡಕ್ಕೆ ಬರ್ತದೆ. ಏಡಿ ಎಲ್ಲಿಗೆ ಓಡ್ತದೆ?" ಆಮೇಲೆ ಕೇಳಿದ, "ಇದು ಯಾರು ಮಾಡಿದ್ದು?"

ಶಿಷ್ಯೆ ವಿವರಿಸಿದಳು. ಮಳೆಗಾಲದ ಗಾಳಿಗೆ ಆಳದ ತಣ್ಣನೆ ನೀರು ದಡದ ಕಡೆ ಏರಿ ಬರುತ್ತದೆ. ಅರಬ್ಬಿ ಸಮುದ್ರದ ಆಳದ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಮೇಲೆ ಮಳೆ ನೀರು, ಕಾಳಿ ಹೊಳೆಯ ಸಿಹಿನೀರು ಹಾಲಿನ ಕೆನೆ ಥರ ಕೂತುಬಿಡುತ್ತದೆ, ಗಾಳಿ ಕೆಳಗೆ ಇಳಿಯಲು ಬಿಡುವುದಿಲ್ಲ. ಮೇಲೆ ಹುಲುಸಾಗಿ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಉಳಿದದ್ದನ್ನೂ ಮುಗಿಸುತ್ತದೆ.

"ಅಂದ್ರೆ ಯಾರ ಮೇಲೂ ಕೇಸ್ ಹಾಕೋಕೆ ಬರೂದಿಲ್ಲ."

ಪೂರ್ತಿ ಹಾಗಲ್ಲ ಅಂದಳು ಅವಳು. ಈ ಕೊರತೆ ಜಾಸ್ತಿಯಾಗುತ್ತಿದೆ, ಹೊಲದ ಗೊಬ್ಬರ ಹೊಳೆ ಸೇರಿ ಬರುವುದೂ ಕಾರಣ ಇರಬಹುದು ಅಂತ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 2000ದಲ್ಲೇ ಬರೆದಿದ್ದರು. ತಾಂಡೇಲ ನನ್ನ ಕಡೆ ತಿರುಗಿ "ನಿಮ್ಮದು ಘಟ್ಟದ ಮೇಲಲ್ವಾ?" ಅಂದ. ನಮ್ಮ ತುಂಗೆ ಪೂರ್ವಕ್ಕೆ ಹರಿಯುತ್ತಾಳೆ ಅಂತ ಹೇಳಿ ಪಾರಾದೆ. ಶರಾವತಿಯ ಸುದ್ದಿ ಎತ್ತಲಿಲ್ಲ.

ಇನ್ನು ನನ್ನ ಎಡವಟ್ಟು. ಇವತ್ತಿಗೂ ಉರಿಯುತ್ತದೆ. ಪೋಷಕಾಂಶ ನೋಡಲು ಪ್ಲಾಸ್ಟಿಕ್ ಬಾಟಲಿಗಳಿಗೆ ನೀರು ಸೋಸಿ ತುಂಬಿಸಿ ಐಸಿನಲ್ಲಿಟ್ಟಿದ್ದೆವು. ಹೆಸರು ಬರೆಯುವ ಕೆಲಸ ನನ್ನದು. 'ಪರ್ಮನೆಂಟ್' ಅಂತ ಅಂಗಡಿಯವನು ಕೊಟ್ಟ ಮಾರ್ಕರಿನಲ್ಲಿ, ಒದ್ದೆ ಬಾಟಲಿಯ ಮೇಲೆ ಬರೆದೆ. ದಡಕ್ಕೆ ಬಂದು ಪೆಟ್ಟಿಗೆ ತೆರೆದರೆ ನಾಲ್ಕು ಬಾಟಲಿ ಅನಾಮಧೇಯ. ಶಿಷ್ಯೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀವು ಹೋಗುವುದಾದರೆ ಕಾಗದದ ಟೇಪ್ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಅದೂ ಬೋಟ್ ಹತ್ತುವ ಮೊದಲೇ, ಬಾಟಲಿ ಒಣಗಿದ್ದಾಗ. ಪೆನ್ಸಿಲ್ ಸಮುದ್ರಕ್ಕೆ ಹೆದರುವುದಿಲ್ಲ.

ಸಂಜೆ ಅವಳ ಬಾಡಿಗೆ ರೂಮಿನಲ್ಲೇ ಟೈಟ್ರೇಷನ್, ಅಂದರೆ ದ್ರಾವಣ ಹನಿ ಹನಿಯಾಗಿ ಬಿಟ್ಟು ಬಣ್ಣ ಬದಲಾಗುವ ತನಕ ಅಳೆಯುವುದು. ಉಪ್ಪಿನ ಲೆಕ್ಕಕ್ಕೆ ಸಿಲ್ವರ್ ನೈಟ್ರೇಟ್. ಮೊಸರಿನಂಥ ಬಿಳಿಯ ಮೇಲೆ ಇಟ್ಟಿಗೆ ಕೆಂಪು ನಿಂತರೆ ಮುಗಿಯಿತು. ಕೆ.ಜಿ.ಗೆ ಮೇಲಿನ ನೀರಿನಲ್ಲಿ 30 ಗ್ರಾಂ ಹತ್ತಿರ, ತಳದಲ್ಲಿ 35 ದಾಟಿತ್ತು. ಕೈಗವಸು ಹಾಕು ಅಂತ ಸಾವಿರ ಹುಡುಗರಿಗೆ ಹೇಳಿದ ನಾನೇ ಹಾಕಲಿಲ್ಲ, ಎರಡು ಬೆರಳು ವಾರವಿಡೀ ಕಪ್ಪಗಿದ್ದವು. ಆಮ್ಲಜನಕದ ಬಾಟಲಿಗಳಿಗೆ ಆಸಿಡ್ ಬಿಟ್ಟಾಗ ಮೇಲಿನದು ಹಳದಿಯಾಯಿತು, ಸ್ಟಾರ್ಚ್ ಹಾಕಿದರೆ ಕಡು ನೀಲಿ. ತಳದ್ದು ಆಸಿಡ್ಡಿಗೂ ಬಣ್ಣ ಬರಲಿಲ್ಲ, ಸ್ಟಾರ್ಚಿಗೂ ಬರಲಿಲ್ಲ.

ತಳದ ಎರಡನೇ ಬಾಟಲಿ ಉಳಿದಿತ್ತು. "ಅದು ಬೇಕಾಗಲ್ಲ ಮೇಡಂ" ಅಂದಳು. ನಾನು ಕಿಟಕಿಯ ಹತ್ತಿರ ಇಟ್ಟುಕೊಂಡು ಬಿರಡೆ ತೆಗೆದೆ, ಸ್ವಲ್ಪ ನೀರು ಚೆಲ್ಲಿ ಕಲಕಿದೆ. ಮೊದಲು ಏನೂ ಆಗಲಿಲ್ಲ. ಹೊರಗೆ ಮತ್ತೆ ಮಳೆ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಬಾಯಿಯ ಹತ್ತಿರ ಚಹಾದಂಥ ಒಂದು ಗೆರೆ ಮೂಡಿತು. ನಿಧಾನಕ್ಕೆ ಅದು ಕೆಳಗೆ ಇಳಿಯುತ್ತಾ ಹೋಯಿತು.